ಉಕ್ಕಿನ ಕೀಲಿನ ಆಚೆ

ವಿಕಿರಣ ಚಿಕಿತ್ಸಾ ವಿಭಾಗದ ಮುಖ್ಯಸ್ಥರೇ, ಮಾದಮ್ಮನವರ ಸೊಂಟದೊಳಗಿನ ಉಕ್ಕಿನ ಕೀಲನ್ನು ನೀವು ಮೂಳೆಯೆಂದು ಲೆಕ್ಕಕ್ಕೆ ಹಿಡಿಸಿದಿರಿ. ಅದು ತಪ್ಪೆಂದು ತಿಳಿದೂ ಆ ಲೆಕ್ಕಕ್ಕೆ ಸಹಿ ಹಾಕಿದ ಭೌತತಜ್ಞೆ ನಾನು.

ಮಾದಮ್ಮ ಕವಲಂದೆಯವರು. ಗರ್ಭಕಂಠದ ಕ್ಯಾನ್ಸರಿಗೆ ಐದು ವಾರ ವಿಕಿರಣ ಬರೆದಿದ್ದರು. ಹಸು ಒದ್ದು ಮುರಿದ ಎಡಸೊಂಟಕ್ಕೆ ಹಿಂದೆಂದೋ ಲೋಹದ ಕೀಲು ಕೂರಿಸಿದ್ದರು. ನಮ್ಮ ಸ್ಕ್ಯಾನಿನ ಅಳತೆ ಗಟ್ಟಿಮೂಳೆಯವರೆಗೆ ಮಾತ್ರ. ಅದಕ್ಕಿಂತ ಸಾಂದ್ರವಾದದ್ದೆಲ್ಲ ಕಂಪ್ಯೂಟರಿಗೆ ಮೂಳೆಯೇ. ಆದರೆ ಲೋಹ ಮೂಳೆಗಿಂತ ಹೆಚ್ಚು ಕಿರಣವನ್ನು ತಡೆಯುತ್ತದೆ. ಲೋಹದ ನಿಜವಾದ ಸಾಂದ್ರತೆಯನ್ನು ನಾವೇ ತುಂಬಬೇಕು, ಇಲ್ಲವೇ ಕಿರಣವನ್ನು ಆ ಬದಿಯಿಂದ ಹಾಯಿಸಬಾರದು—ವಿಶ್ವವಿದ್ಯಾಲಯದಲ್ಲಿ ನಾನು ಕಲಿತದ್ದು ಇದನ್ನೇ.

ಹೇಳಿದೆ. ನೀವು ಪರದೆಯಿಂದ ಕಣ್ಣೆತ್ತಲಿಲ್ಲ.

"ಹೊರಗೆ ಕ್ಯೂ ನೋಡಿದ್ದೀಯೇನಮ್ಮ? ನಿನ್ನ ಯೂನಿವರ್ಸಿಟಿ ಪಾಠ ಆಮೇಲೆ. ಮೂಳೆ ಅಂತಲೇ ಇರ್ಲಿ, ಸೈನ್ ಮಾಡು."

ಮಾಡಿದೆ. ಟಿ. ನರಸೀಪುರದಿಂದ ಬಂದ ಹೊಸಬಳು, ಕೆಲಸ ಕಾಯಂ ಆಗಿರಲಿಲ್ಲ—ಇದು ಕಾರಣ, ಸಮರ್ಥನೆಯಲ್ಲ.

ಮೊದಲ ದಿನ ಯಂತ್ರದ ಕೆಳಗೆ ಮಲಗಿಸುವಾಗ ಮಾದಮ್ಮನೇ ಕೇಳಿದರು: "ನಮ್ಮೂರ್ ಕರೆಂಟು ನಾಕ್ ಅನಿ ಮಳೆಗೇ ನಿಂತೋಯ್ತದೆ. ನಿಮ್ ಕರೆಂಟು ಈ ಕಬ್ಣ ದಾಟ್ತದಾ, ಮಗಾ?"

"ದಾಟ್ತದೆ ಕಣವ್ವ."

ನಕ್ಕರು. ನಂಬಿದರು. ಐದು ವಾರವೂ ನಂಜನಗೂಡಿನಲ್ಲಿ ಬಸ್ಸು ಬದಲಿಸಿ ಬಂದರು, ಒಂದು ದಿನವೂ ತಪ್ಪಿಸಲಿಲ್ಲ. ಒಮ್ಮೆ ನನಗೆಂದು ಸೀಬೆಹಣ್ಣು ತಂದರು. ತಿಂದೆ.

ಎರಡು ವರ್ಷದ ಮೇಲೆ ಗೆಡ್ಡೆ ಮರಳಿತು—ಕೀಲಿರುವ ಬದಿಯಲ್ಲೇ. ಲೋಹದ ಸಾಂದ್ರತೆ ತುಂಬಿ ಒಬ್ಬಳೇ ಮತ್ತೆ ಲೆಕ್ಕ ಹಾಕಿದೆ. ಕೀಲಿನ ಆಚೆ ತಲುಪಿದ ವಿಕಿರಣ, ದಾಖಲೆಯಲ್ಲಿ ಬರೆದದ್ದಕ್ಕಿಂತ ಕಡಿಮೆ. ಗೆಡ್ಡೆ ಮರಳಿದ್ದು ಅದರಿಂದಲೇ ಎಂದು ಖಚಿತವಾಗಿ ಹೇಳಲಾರೆ. ಅಲ್ಲವೆಂದು ಹೇಳುವ ಹಕ್ಕಂತೂ ನನಗಿಲ್ಲ. ಅಳು ಬರಲಿಲ್ಲ. ಫೈಲು ಮುಚ್ಚಿ ಊಟಕ್ಕೆ ಹೋದೆ.

ಈಗ ಬೇರೊಂದು ಆಸ್ಪತ್ರೆಯ ವೈದ್ಯರು ನಮ್ಮ ದಾಖಲೆ ನಂಬಿ, ಆ ಜಾಗಕ್ಕೆ ಪೂರ್ತಿ ವಿಕಿರಣ ಆಗಿದೆ, ಇನ್ನು ಕೊಡುವಂತಿಲ್ಲ ಎನ್ನುತ್ತಿದ್ದಾರೆ. ಪೂರ್ತಿ ಆಗಿಲ್ಲ. ಆಕೆಗೆ ಉಳಿದಿರಬಹುದಾದ ಒಂದು ದಾರಿಗೆ ನಮ್ಮ ಸುಳ್ಳು ಅಡ್ಡ ನಿಂತಿದೆ.

ನಿನ್ನೆ ಕವಲಂದೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಮಾದಮ್ಮ, "ಅವತ್ತೇ ಯೇಳ್ಬೋದಾಗಿತ್ತಲ್ಲ, ಮಗಾ" ಎಂದರು. ಬೈಯಲಿಲ್ಲ. ಬೈದಿದ್ದರೆ—

ಆದ್ದರಿಂದ, ತಿದ್ದಿದ ಲೆಕ್ಕವನ್ನು ನಿಮ್ಮ ಸಹಿಯೊಂದಿಗೆ ಆಕೆಯ ವೈದ್ಯರಿಗೆ ಕಳುಹಿಸಬೇಕು; ಮೈಯೊಳಗೆ ಲೋಹ ಹೊತ್ತು ನಮ್ಮಲ್ಲಿಗೆ ಬಂದ ಪ್ರತಿಯೊಬ್ಬರ ಕಡತವನ್ನೂ ಹೊರಗಿನ ತಜ್ಞರಿಂದ ಪರಿಶೀಲನೆ ಮಾಡಿಸಬೇಕು; ನನ್ನ ಮೇಲೆ ಕ್ರಮ ಜರುಗಿಸಬೇಕು; ನಿಮ್ಮ ಪಾತ್ರಕ್ಕೆ ನಿಮ್ಮ ಉತ್ತರವೇನೆಂದು ಲಿಖಿತವಾಗಿ ತಿಳಿಸಬೇಕು ಎಂದು ಕೋರುತ್ತೇನೆ. ಮುಂದಿನ ಚಿಕಿತ್ಸೆ ಇದೆಯೋ ಇಲ್ಲವೋ ಎಂಬುದನ್ನು ಆಕೆಯ ವೈದ್ಯರು ಸೋಮವಾರ ತೀರ್ಮಾನಿಸುತ್ತಾರೆ. ಉತ್ತರ ಅದಕ್ಕೂ ಮೊದಲು ಬೇಕು.