ಶಾವಿಗೆಗೆ ಮೀನ್ ಸಾರು

ಕಾದ ಎಣ್ಣೆಯಲ್ಲಿ ಬೆಳ್ಳುಳ್ಳಿ ಕೆಂಪಗಾಗಿ, ಅದರ ಮೇಲೆ ಸಿಗಡಿ ಬಿದ್ದಾಗ ಎದ್ದ ಘಮಕ್ಕೆ ನಾನು ಕೂತಲ್ಲಿ ಕೂರಲಾರದೆ ಹೋದೆ. ಶ್ರೀರಂಗಪಟ್ಟಣದ ಕೋಟೆಯೊಳಗಿನ ಓಣಿಯಲ್ಲಿ ಗಂಡ ಹೆಂಡತಿ ಇಬ್ಬರು ತಮ್ಮ ಹಳೆಯ ಮನೆಯ ಪಡಸಾಲೆಯನ್ನೇ ಹೋಟೆಲು ಮಾಡಿಕೊಂಡು ಇಟಲಿಯ ಊಟ ಬಡಿಸುತ್ತಾರೆ. ಮಗಳು ಕವನಳ ಹುಟ್ಟುಹಬ್ಬಕ್ಕೆಂದು ಅಲ್ಲಿಗೆ ಹೋಗಿದ್ದೆವು. ಅಡುಗೆಮನೆಯ ಬಾಗಿಲು ತೆರೆದೇ ಇತ್ತು. ಆ ಹೆಂಗಸು ಮೊಟ್ಟೆ ಒಡೆದು ನಾದಿದ ಹಿಟ್ಟನ್ನು ಲಟ್ಟಿಸಿ, ನೀಳವಾಗಿ ಕೊಯ್ದು, ಎಳೆಗಳನ್ನು ಕೋಲಿನ ಮೇಲೆ ಇಳಿಬಿಡುತ್ತಿದ್ದಳು. ನಾನು ಎದ್ದು ಬಾಗಿಲವರೆಗೆ ಹೋಗಿ ನೋಡಿದೆ, ಬಂದು ಕೂತೆ, ಮತ್ತೆ ಎದ್ದೆ. "ಏನಮ್ಮಾ, ಇಷ್ಟ ಆಗ್ಲಿಲ್ವಾ?" ಎಂದಳು ಕವನ. ತಟ್ಟೆಯ ಪಾಸ್ತಾ ಮುಂದಿಟ್ಟುಕೊಂಡು ನಾನು ಅವಳಿಗೆ ಪುಟ್ಟತಾಯತ್ತೆಯ ಕತೆ ಹೇಳತೊಡಗಿದೆ.

ಪುಟ್ಟತಾಯತ್ತೆ ನನ್ನ ಅಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ಕಿರಂಗೂರಿನ ನಮ್ಮ ಮನೆಗೆ ಬಂದವಳು ಅಲ್ಲೇ ಉಳಿದಿದ್ದಳು. ಒಂದು ಗಳಿಗೆ ಸುಮ್ಮನೆ ಕೂರುವವಳಲ್ಲ. ಶಾವಿಗೆ ಒತ್ತುವ ದಿನ ಅವಳದೇ ಯಜಮಾನಿಕೆ. ಬೆಂದ ಅಕ್ಕಿಹಿಟ್ಟಿನ ಉಂಡೆಗಳನ್ನು ಬಿಸಿಬಿಸಿಯಾಗಿ ಒರಳಿಗೆ ತುಂಬುತ್ತಿದ್ದಳು, ಅಪ್ಪ ಮೇಲಿನಿಂದ ಭಾರ ಬಿಟ್ಟು ಒತ್ತುತ್ತಿದ್ದರು, ಕೆಳಗೆ ಬಿಳಿಯ ಎಳೆಗಳು ಹಬೆಯಾಡುತ್ತ ಇಳಿಯುತ್ತಿದ್ದವು. ಮಿಕ್ಕವರು ಬೆಲ್ಲ ಹಾಕಿದ ಕಾಯಿಹಾಲಿಗೆ ಕಾದರೆ, ಅತ್ತೆಗೂ ನನಗೂ ನಾಲೆಯ ಮೀನಿನ ಸಾರೇ ಬೇಕು. ಹುಣಸೆಹುಳಿ, ಮೆಣಸಿನಕಾಯಿ, ಬೆಳ್ಳುಳ್ಳಿ ಅರೆದು ಹಾಕಿದ ಆ ಸಾರಿಗೆ ಶಾವಿಗೆ ಕೆಂಪಾಗಿ ನೆನೆಯುತ್ತಿತ್ತು.

ಒಂದು ವರ್ಷ ತಾತ, ಅಂದರೆ ಅತ್ತೆಯ ಅಪ್ಪ, ಯಾತ್ರೆಗೆ ಹೋದವರು ಕೊರಳಿಗೆ ತುಳಸಿ ಮಣಿ ಕಟ್ಟಿಸಿಕೊಂಡು ಬಂದರು. ಅಂದಿನಿಂದ ಮನೆಯಲ್ಲಿ ಮೀನು, ಮಾಂಸ ನಿಂತವು. ಅತ್ತೆ ಎದುರಾಡಲಿಲ್ಲ. ಆದರೆ ನಾಲೆಗೆ ನೀರು ನಿಲ್ಲಿಸಿದ ಒಂದು ದಿನ, ಗುಂಡಿಯಲ್ಲಿ ಉಳಿದ ಮೀನನ್ನು ಸೆರಗಿಗೆ ಕಟ್ಟಿಕೊಂಡು, ಬೀದಿಯ ಕೊನೆಯಲ್ಲಿದ್ದ ಗೆಳತಿ ಅಮೀನಾಬಿಯ ಮನೆಗೆ ಹೋದಳು. ಅಲ್ಲಿ ಬೇಯಿಸಿ, ಅಮೀನಾಬಿಯೊಂದಿಗೆ ಕೂತು, ನಗುನಗುತ್ತ ಉಂಡು ಬಂದಳು. ಜಗಲಿಯ ಮೇಲಿದ್ದ ತಾತನ ಮೂಗಿಗೆ ವಾಸನೆ ಬಡಿಯಿತು.

"ಕೈ ತೊಳ್ಕೊಂಡು ಒಳಿಕ್ ಬಾ" ಎಂದರು.

"ತೊಳ್ಕೊಂಡೇ ಬಂದಿವ್ನಿ ಕಣಪ್ಪ."

"ಇನ್ನೂ ನಾತ ಓಗಿಲ್ಲ."

"ಅಂಗಾರೆ ನಾನೇ ಓಯ್ತೀನಿ ಬುಡು" ಎಂದಳು ಅತ್ತೆ. ದನಿ ಏರಿಸಲಿಲ್ಲ. ಮರುದಿನ ಬೆಳಿಗ್ಗೆ ಸೀರೆಗಳ ಗಂಟು ಹಿಡಿದು ಪಾಂಡವಪುರದ ಬಸ್ಸು ಹತ್ತಿದಳು. ಬಸ್ ಸ್ಟ್ಯಾಂಡಿನ ಪಕ್ಕದ ಮೆಸ್ಸೊಂದರಲ್ಲಿ ಅಡುಗೆಗೆ ನಿಂತಳು.

ಅವಳು ಹೋದ ಮೇಲೆ ತಾತನಿಗೆ ಮನೆ ಹಿಡಿಸಲಿಲ್ಲ. ಅಂಗಳದಿಂದ ಹಿತ್ತಲಿಗೆ, ಹಿತ್ತಲಿನಿಂದ ಅಂಗಳಕ್ಕೆ ತಿರುಗುತ್ತಿದ್ದರು. ಬಸ್ಸು ನಿಂತ ಸದ್ದಾದರೆ ಮಾತು ಅರ್ಧಕ್ಕೆ ಬಿಟ್ಟು ರಸ್ತೆ ನೋಡುತ್ತಿದ್ದರು. ನಾನಾಗ ಪಾಂಡವಪುರದ ಹೈಸ್ಕೂಲಿಗೆ ಹೋಗುತ್ತಿದ್ದೆ. ಒಂದು ದಿನ ತಾತ ಅಂಗಳದ ಗೇಟಿನವರೆಗೆ ನನ್ನ ಹಿಂದೆಯೇ ಬಂದು, "ಬರ್ತಾ ನಿಮ್ಮತ್ತೆನ ಕರ್ಕೊಂಡ್ ಬಾ ಮಗ. ನಾನೇಳ್ದೆ ಅನ್ಬ್ಯಾಡ" ಎಂದರು.

ನಾನು ಅತ್ತೆಗೆ ಎಲ್ಲವನ್ನೂ ಹೇಳಿಬಿಟ್ಟೆ, ಹೇಳಬೇಡ ಅಂದಿದ್ದನ್ನೂ ಸೇರಿಸಿ. ಅವಳು ಒಲೆಯ ಕಡೆ ತಿರುಗಿ, ಬಹಳ ಹೊತ್ತು ಸಾರು ಕದಡಿದಳು. "ಇಲ್ಲಿ ಏನ್ ಬೇಯಿಸ್ದೆ ಅಂತ ಯಾರೂ ಕೇಳಕಿಲ್ಲ ಮಗ. ನಾನ್ ಬರಕಿಲ್ಲ. ಅಪ್ಪನೇ ಒಂದ್ ಸಲ ಉಣ್ಣಕ್ಕೆ ಬರ್ಲಿ, ಅನ್ನು."

ತಾತ ಬಂದರು. ಒಂದು ಭಾನುವಾರ ನನ್ನ ಕೈ ಹಿಡಿದು ಬಸ್ಸು ಇಳಿದು, ಮೆಸ್ಸಿನ ಮೂಲೆಯ ಮೇಜಿಗೆ ಕೂತರು. ಅತ್ತೆ ಶಾವಿಗೆ ಒತ್ತಿ, ಬೇರೆ ಪಾತ್ರೆಯಲ್ಲಿ ಕಾಯಿಹಾಲು ಮಾಡಿಟ್ಟಿದ್ದಳು. ಅವರಿಗೆ ಅದನ್ನು ಬಡಿಸಿ, ನನ್ನೆಲೆಗೆ ಮೀನಿನ ಸಾರು ಹಾಕಿದಳು. ತಾತ ನನ್ನೆಲೆಯತ್ತ ನೋಡಿದರು, ಮುಖ ತಿರುಗಿಸಲಿಲ್ಲ.

"ಮಗಿಗೆ ಮುಳ್ಳು ತೆಗೆದು ಕೊಡು, ತಾಯಿ" ಎಂದರು.

ಅತ್ತೆ ನನ್ನ ಪಕ್ಕ ಕೂತು ಮುಳ್ಳು ಬಿಡಿಸತೊಡಗಿದಳು. ಅವಳ ಕಣ್ಣು ತುಂಬಿತ್ತು. ಏಳುವಾಗ ತಾತ, "ಇನ್ನೊಂದ್ ಸಲ ಬತ್ತೀನಿ" ಎಂದರು.

ನಾನು ಕತೆ ನಿಲ್ಲಿಸಿದೆ. ಈಗ ಕಿರಂಗೂರಿನ ಆ ಮನೆಯಿಲ್ಲ, ರಸ್ತೆ ಅಗಲ ಮಾಡುವಾಗ ಹೋಯಿತು. ಅತ್ತೆ ತೀರಿಕೊಂಡು ವರ್ಷಗಳಾದವು. ಅಮೀನಾಬಿಯ ಮಕ್ಕಳು ಮನೆ ಮಾರಿ ಎಲ್ಲಿಗೆ ಹೋದರೋ ಗೊತ್ತಿಲ್ಲ.

"ಮುತ್ತಾತ ಮತ್ತೆ ಹೋದ್ರಾ ಅಮ್ಮ?" ಕವನ ಕೇಳಿದಳು.

ಹೋಗಲಿಲ್ಲ. ಆ ಮಳೆಗಾಲದಲ್ಲೇ ತಾತನ ಕಾಲುಗಳ ಸ್ವಾಧೀನ ತಪ್ಪಿತು. ಆದರೂ ಇರುವಷ್ಟು ದಿನ, ಬೆಳಗಾದರೆ ಸಾಕು, ಒಗೆದ ಬಿಳಿಯಂಗಿ ಹಾಕಿಸಿಕೊಂಡು, ಗುಂಡಿಯನ್ನು ತಾವೇ ಹಾಕಿಕೊಂಡು, ಜಗಲಿಯ ಮೇಲೆ ಹೊರಟವರ ಹಾಗೆ ಕೂರುತ್ತಿದ್ದರು.