ದರ್ಬೆಗೆ ಬಂದ ಹಂಗೇರಿಯ ಗೂಳಿ

ಐವತ್ತರ ದಶಕದ ಕೊನೆಗೆ ನಮ್ಮ ಜಿಲ್ಲೆಯಲ್ಲಿ ಪಾನನಿರೋಧ ಇತ್ತು. ಅಂದರೆ ಕುಡಿಯುವವರು ಕಿಟಕಿ ಹಾಕಿಕೊಂಡು ಕುಡಿಯುತ್ತಿದ್ದರು. ನನ್ನ ಗಂಡ ದರ್ಬೆಯಲ್ಲಿ ಡಾಕ್ಟರು, ಮನೆಯ ಮುಂದಿನ ಕೋಣೆಯೇ ಕ್ಲಿನಿಕ್ಕು. ಅವರ ಶಾಲೆಯ ಗೆಳೆಯರೊಬ್ಬರು ಹಡಗಿನಲ್ಲಿ ಊಟ ಬಡಿಸುವ ಕೆಲಸದಲ್ಲಿದ್ದರು. ಕಡಬದ ಕಡೆಯ ಕ್ರಿಶ್ಚಿಯನ್ನರು. ನಮ್ಮಲ್ಲಿಯ ರೂಢಿಯಂತೆ ನಾವು ಅವರನ್ನು ಪೊರ್ಬುಗಳು ಎಂದೇ ಕರೆಯುತ್ತಿದ್ದೆವು.

ಒಂದು ರಜೆಯಲ್ಲಿ ಪೊರ್ಬುಗಳು ಬನಿಯನುಗಳಲ್ಲಿ ಸುತ್ತಿದ ಎರಡು ಬಾಟಲಿ ವೈನು ತಂದರು. ಎರಡೂ ಹಂಗೇರಿಯವು. ಪಕ್ಕದ ಮನೆಯ ಭೂಗೋಳದ ಮಾಷ್ಟ್ರು, ಈರುಳ್ಳಿಯನ್ನೂ ಯೋಚಿಸಿ ತಿನ್ನುವವರು, ಸುಮ್ಮನೆ ನೋಡಿ ಹೋಗಲಿಕ್ಕೆಂದು ಬಂದು ಎಲ್ಲರಿಗಿಂತ ಮೊದಲು ಕುಳಿತರು.

"ಹಂಗೇರಿಗೆ ಸಮುದ್ರವೇ ಇಲ್ಲವಲ್ಲ ಮಾರಾಯ್ರೆ, ನಿಮ್ಮ ಹಡಗು ಅಲ್ಲಿಗೆ ಹೋದದ್ದು ಹೇಗೆ?" ಎಂದರು ಮಾಷ್ಟ್ರು.

"ಇಟಲಿಯ ಬಂದರದಲ್ಲಿ ತೆಗೊಂಡದ್ದು. ನೀವು ಕುಡಿಯುದಾ, ಪರೀಕ್ಷೆ ಮಾಡುದಾ?"

ವೈನನ್ನು ಹಾಗೇ ಕುಡಿಯಬಾರದಂತೆ. ಬೆಳಕಿಗೆ ಹಿಡಿಯಬೇಕು, ಲೋಟ ತಿರುಗಿಸಬೇಕು, ಮೂಸಬೇಕು, ಆಮೇಲೆ ಬಾಯಿಯೊಳಗೆ ಆಡಿಸಬೇಕು. ಮಾಷ್ಟ್ರು ಗಂಟಲು ನೋವಿಗೆ ಉಪ್ಪುನೀರು ಮುಕ್ಕಳಿಸುವವರ ಹಾಗೆ ಗಳಗಳ ಶಬ್ದ ಮಾಡಿದರು. ನನ್ನ ಗಂಡ ಕಣ್ಣು ಮುಚ್ಚಿ, "ರಕ್ತಸಂಚಾರಕ್ಕೆ ಒಳ್ಳೆಯದು" ಎಂದರು. ಅವರ ಬಾಯಲ್ಲಿ ಯಾವುದೂ ರುಚಿಗೆ ಒಳ್ಳೆಯದಾದದ್ದನ್ನು ನಾನು ಕೇಳಿಲ್ಲ.

ಬಾಗಿಲಲ್ಲಿ ನಿಂತಿದ್ದ ನನಗೆ ನಗು ಬಂತು. ಪೊರ್ಬುಗಳು, "ಅಕ್ಕಾ, ನೀವೊಂದು ಗುಟುಕು ನೋಡಿ" ಎಂದರು. ಗಂಡ ಮಾಡಿನ ಹಂಚು ಎಣಿಸುವವರಂತೆ ಮೇಲೆ ನೋಡಿದರು. ಅದನ್ನು ಒಪ್ಪಿಗೆ ಎಂದುಕೊಂಡು ನೋಡಿದೆ. ಹಳದಿ ಬಣ್ಣದ್ದು, ಸಿಹಿ.

"ಹಲಸಿನ ಸೊಳೆಗೆ ಜೇನು ಹಾಕಿ ಕಂಚಿಹುಳಿ ಹಿಂಡಿದ ಹಾಗೆ ಉಂಟು. ಹಿಂದಿನಿಂದ ಸಣ್ಣಕೆ ಬೂಸ್ಟು ಹಿಡಿದ ವಾಸನೆ" ಎಂದೆ.

"ಆ ದ್ರಾಕ್ಷಿಗೆ ಬೂಸ್ಟು ಬರಲಿಕ್ಕೆಂದೇ ಬಿಡುದು ಅವರು!" ಎಂದು ಪೊರ್ಬುಗಳು ತೊಡೆ ತಟ್ಟಿದರು. ಅಂದಿನಿಂದ ನನಗೆ ಒಳಗೆ ಕುರ್ಚಿ ಸಿಕ್ಕಿತು.

ಎರಡನೆಯದು ಕೆಂಪು. ಅದರ ಬೆಂಡಿನ ಮುಚ್ಚಳ ಪುಡಿಯಾಗಿ ಒಳಗೆ ಬಿದ್ದದ್ದರಿಂದ ನಾನು ಹಳೆಯ ಮಲ್ಲು ಪಂಚೆಯಲ್ಲಿ ಸೋಸಿ ಗಾಜಿನ ಹೂಜಿಗೆ ಹಾಕಿದೆ. ಮಾಷ್ಟ್ರು ಒಂದು ಲೋಟ ಮುಗಿಸಿ, "ಗಂಭೀರವಾಗಿದೆ. ಹೆಸರೇನು ಇದರದ್ದು?" ಎಂದು ಕೇಳಿದರು.

"ಗೂಳಿಯ ನೆತ್ತರು" ಎಂದರು ಪೊರ್ಬುಗಳು.

ಮಾಷ್ಟ್ರ ಮುಖ ಸುಣ್ಣವಾಯಿತು. ಒಂದು ಕೈ ಜನಿವಾರಕ್ಕೆ ಹೋಯಿತು, ಇನ್ನೊಂದು ಲೋಟ ಬಿಡಲಿಲ್ಲ.

"ನಿಜವಾಗಿ ಗೂಳಿ ಉಂಟಾ ಇದರಲ್ಲಿ?"

"ಬರೀ ಹೆಸರು ಮಾಷ್ಟ್ರೆ."

ಮಾಷ್ಟ್ರು ಸ್ವಲ್ಪ ಹೊತ್ತು ಯೋಚಿಸಿದರು. "ಅದೂ ಹೌದು. ನಾಯಿಕೊಡೆಯಲ್ಲಿ ನಾಯಿ ಉಂಟೋ?" ಎಂದು ಲೋಟ ಮುಂದೆ ಚಾಚಿದರು.

ಆಗಲೇ ಹೊರಗೆ ಬೂಟಿನ ಸದ್ದು. ಬಂದವರು ಪಾನನಿರೋಧದ ಸಬ್ ಇನ್ಸ್‌ಪೆಕ್ಟರು. ದಾಳಿಗಲ್ಲ, ಬೆನ್ನಿನಲ್ಲಿ ಕುರು ಎದ್ದಿತ್ತು. ಗಂಡ ಬಾಯಿ ತೊಳೆಯಲು ಬಚ್ಚಲಿಗೆ ಓಡಿದರು. ಪೊರ್ಬುಗಳು ಬಾಟಲಿಗಳೊಂದಿಗೆ ಅಡಿಗೆಮನೆ ಸೇರಿದರು. ಮಾಷ್ಟ್ರು ಮಾತ್ರ ಎದ್ದರೆ ಬೀಳುವ ಭಯದಿಂದ ಕೂತಲ್ಲೇ ಕೂತರು. ಕೆಂಪು ವೈನಿನ ಹೂಜಿ ಮೇಜಿನ ಮೇಲೆಯೇ ಉಳಿಯಿತು.

"ಓ, ಪುನರ್ಪುಳಿ ಶರಬತ್ತು! ಒಂದು ಲೋಟ ಕೊಡಿ ಅಮ್ಮ, ಬಿಸಿಲಲ್ಲಿ ಬಂದದ್ದು."

ಇಲ್ಲವೆನ್ನಲು ಕಾರಣ ಹೊಳೆಯಲಿಲ್ಲ. ಕೊಟ್ಟೆ. ಇನ್ಸ್‌ಪೆಕ್ಟರು ನಿಂತುಕೊಂಡೇ ಕುಡಿದು ಮುಗಿಸಿದರು.

"ಬೆಲ್ಲ ಹಾಕಲಿಲ್ವಾ?"

"ಡಾಕ್ಟ್ರು ಬೇಡ ಅಂತಾರೆ."

"ಹೀಗೇ ಒಳ್ಳೆದುಂಟು. ಇನ್ನೊಂದು ಸ್ವಲ್ಪ ಹಾಕಿ."

ಕುರು ಕೊಯ್ಯುವಾಗ ಅವರು ಚೂರೂ ಕೂಗಲಿಲ್ಲ. "ನಿಮ್ಮ ಕೈ ಭಾರೀ ಹಗುರ ಡಾಕ್ಟ್ರೇ" ಎಂದು ಹೊಗಳಿ ಹೋದರು. ಪಟ್ಟಿ ಬದಲಿಸಲು ಮತ್ತೆ ಬಂದಾಗ ಕೇಳದೆಯೇ ಅಸಲು ಪುನರ್ಪುಳಿ ಕೊಟ್ಟೆ. ಕುಡಿದು, ನನ್ನ ಮುಖ ನೋಡಿ, "ಅವತ್ತಿನದ್ದು ಬೇರೆ ಮರದ್ದಾ?" ಎಂದರು.

"ಹೌದು. ಆ ಮರ ಸ್ವಲ್ಪ ದೂರ" ಎಂದೆ. ಅವರು ತಲೆಯಾಡಿಸಿ ಟೋಪಿ ಹಾಕಿಕೊಂಡರು. ಅವರಿಗೆ ಗೊತ್ತಾಗಿತ್ತೋ ಇಲ್ಲವೋ, ಕೇಳುವ ಧೈರ್ಯ ನಮಗ್ಯಾರಿಗೂ ಬರಲಿಲ್ಲ.

ಮುಂದಿನ ವರ್ಷಗಳಲ್ಲಿ ಪೊರ್ಬುಗಳು ಸ್ಪೇನು, ಪೋರ್ಚುಗಲ್ಲುಗಳಿಂದಲೂ ತಂದರು. ಸ್ಪೇನಿನದ್ದಕ್ಕೆ ಗೇರುಹಣ್ಣಿನ ಒಗರು, ಪೋರ್ಚುಗಲ್ಲಿನದ್ದು ಪಾಯಸಕ್ಕೆ ಕರಗಿಸಿಟ್ಟ ಬೆಲ್ಲ. ಹಂಗೇರಿಯನ್ನು ಮೀರಿಸಿದ್ದು ಒಂದೂ ಇಲ್ಲ ಎಂದು ನಾನು, ಭೂಪಟದಲ್ಲಿ ಕೂಡ ಆ ದೇಶ ನೋಡದವಳು, ತೀರ್ಪು ಕೊಡುತ್ತಿದ್ದೆ.

ಅರವತ್ತರ ದಶಕದ ನಡುವೆ ಅವರು ಹಡಗು ಬಿಟ್ಟು ಬಂದಾಗ ಫ್ರಾನ್ಸಿನದೊಂದು ತಂದರು. ಇದರ ಮುಂದೆ ಉಳಿದದ್ದೆಲ್ಲ ಗಂಜಿತಿಳಿ ಎಂದು ಹೇಳಿ, ಒಳ್ಳೆಯ ದಿನ ಬರಲೆಂದು ಒಂದು ಇಡೀ ಬೇಸಗೆ ತಗಡಿನ ಟ್ರಂಕಿನಲ್ಲಿ ಇಟ್ಟರು. ತೆರೆದ ದಿನ ಮೂವರೂ ಲೋಟ ತಿರುಗಿಸಿ ಮೂಸಿದರು. "ಆಳ ಉಂಟು" ಎಂದರು ಮಾಷ್ಟ್ರು. "ಜೀರ್ಣಕ್ಕೆ ಒಳ್ಳೆಯದು" ಎಂದರು ಗಂಡ.

ನಾನು ಒಂದು ತೊಟ್ಟು ನಾಲಗೆಗೆ ಇಟ್ಟೆ. "ಇದು ವಿನೇಗರು."

ಪೊರ್ಬುಗಳ ಮುಖ ನೋಡಲಾಗಲಿಲ್ಲ. ಮತ್ತೊಮ್ಮೆ ಕುಡಿದು ಮುಖ ಹಿಂಡಿ, "ಹೌದಕ್ಕಾ" ಎಂದರು. ನಾನು ಬಾಟಲಿ ಒಳಗೆ ಒಯ್ದು ಅರ್ಧವನ್ನು ಬಂಗುಡೆ ಮೀನಿನ ಗಸಿಗೆ ಹೊಯ್ದೆ. ಇನ್ನರ್ಧದಲ್ಲಿ ಮಾಷ್ಟ್ರಿಗಾಗಿ ಸೌತೆಕಾಯಿ, ಹಸಿಮೆಣಸು ನೆನೆಹಾಕಿದೆ. ಪೊರ್ಬುಗಳು ಆ ದಿನ ಮೂರು ಸಲ ಅನ್ನ ಹಾಕಿಸಿಕೊಂಡರು.