ಗುರುವಾರದ ಪರೀಕ್ಷೆ

ಕಾಯುವುದು ನನಗೆ ಆಗಿಬರದ ಕೆಲಸ. ಎರಡು ಸಾವಿರದ ಇಸವಿ ದಾಟಿದ ಹೊಸದರಲ್ಲಿ ನಾನು ರಾಂಜಣಗಾಂವದ ಒಂದು ಕಾರ್ಖಾನೆಯ ಕಂಪ್ಯೂಟರ್ ವಿಭಾಗದಲ್ಲಿದ್ದೆ. ಪುಣೆಯಿಂದ ಕಂಪನಿ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಬಸ್ಸು ಸಿಗ್ನಲ್ಲಿಗೆ ನಿಂತರೆ ಸಾಕು, ನನ್ನ ಕಾಲು ತಾನಾಗಿ ಕುಣಿಯುತ್ತಿತ್ತು. ಪಕ್ಕದವರು ಮರಾಠಿಯಲ್ಲಿ ಗೊಣಗುತ್ತ ಸರಿದು ಕೂರುತ್ತಿದ್ದರು. ಇಂಥವಳ ಕೈಗೆ ಪ್ರೊಸೆಸರುಗಳ ವೇಗ ಅಳೆಯುವ ಕೆಲಸ ಸಿಕ್ಕರೆ ಕೇಳಬೇಕೆ?

ಗೇಟಿನ ಹಾಜರಿ, ಉತ್ಪಾದನೆಯ ವರದಿ ಎಲ್ಲವನ್ನೂ ನಡೆಸುತ್ತಿದ್ದ ಹಳೆಯ ಮಷಿನ್ ಕೈಕೊಟ್ಟಿತ್ತು. ಅದರ ಜಾಗಕ್ಕೆ ಎರಡು ಮಷಿನ್ ಪರೀಕ್ಷೆಗೆ ಬಂದವು. ಒಂದು ಸರ್ವರ್. ಒಳಗೆ ಎರಡು ಪ್ರೊಸೆಸರ್, ಹಿಟ್ಟಿನ ಗಿರಣಿಯಂತೆ ಸದ್ದು ಮಾಡುವ ಫ್ಯಾನುಗಳು, ಎತ್ತಲು ಇಬ್ಬರು ಬೇಕು. ಇನ್ನೊಂದು ಮೇಜಿನ ಮೇಲಿಡುವ ಡೆಸ್ಕ್‌ಟಾಪ್. ಪ್ರೊಸೆಸರ್ ಒಂದೇ, ಆದರೆ ಅದರ ವೇಗ ಹೇಳುವ ಮೆಗಾಹರ್ಟ್ಸ್ ಸರ್ವರಿನದಕ್ಕಿಂತ ಹೆಚ್ಚು. ನನಗೆ ಆಗ ಮೆಗಾಹರ್ಟ್ಸ್ ಹುಚ್ಚು. ಪರೀಕ್ಷೆಗೆ ಮೊದಲೇ ಗೆದ್ದವರು ಯಾರೆಂದು ಮನಸ್ಸಿನಲ್ಲಿ ಬರೆದುಕೊಂಡಾಗಿತ್ತು.

ವಿಭಾಗದ ಸಾಹೇಬರು ಬಾಗಲಕೋಟೆ ಕಡೆಯವರು. ಗಡಿಬಿಡಿ ಬೇಡ, ಒಂದು ವಾರ ತೆಗೆದುಕೊಂಡು ನೋಡು ಎಂದರು. ನಾನು ಒಂದೇ ದಿನ ತೆಗೆದುಕೊಂಡೆ, ಅದೂ ಗುರುವಾರ. ನಮ್ಮ ಕಾರ್ಖಾನೆಗೆ ವಾರದ ಸೂಟಿ ಅಂದೇ. ಗೇಟಿನಲ್ಲಿ ಒಂದು ನರಪಿಳ್ಳೆಯೂ ಇಲ್ಲ, ಅಡ್ಡ ಬರುವವರಿಲ್ಲ. ಗೇಟಿನ ಯಂತ್ರಕ್ಕೆ ನನ್ನದೇ ಕಾರ್ಡನ್ನು ಮತ್ತೆ ಮತ್ತೆ ತೋರಿಸಿ, ಹಸಿರು ದೀಪ ಹತ್ತಲು ಯಾವ ಮಷಿನ್ ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ ಎಂದು ಅಳೆದೆ. ಪ್ರತಿ ಸಲವೂ ಡೆಸ್ಕ್‌ಟಾಪೇ ಮುಂದು. ಎರಡು ಪುಟದ ವರದಿ ಬರೆದು, ಕೆಳಗೆ ದೊಡ್ಡದಾಗಿ ಸಹಿ ಹಾಕಿದೆ. ಸರ್ವರ್ ಮೂಲೆಗೆ ಹೋಯಿತು. ಸೋಮವಾರದಿಂದ ಡೆಸ್ಕ್‌ಟಾಪ್ ಶುರು.

ಪ್ಯಾಕಿಂಗ್ ವಿಭಾಗದಲ್ಲಿ ಗುಲ್ಬರ್ಗಾ ಕಡೆಯ ಒಬ್ಬ ಹೆಂಗಸಿದ್ದಳು, ಗುತ್ತಿಗೆದಾರನ ಕಡೆಯಿಂದ ಬಂದವಳು. ಕ್ಯಾಂಟೀನಿನಲ್ಲಿ ನನ್ನ ಕನ್ನಡ ಕೇಳಿ ಪಕ್ಕಕ್ಕೆ ಬಂದು ಕೂತವಳು, ಆಮೇಲೆ ನನಗೆಂದೇ ಶೇಂಗಾ ಚಟ್ನಿ ಕಟ್ಟಿಕೊಂಡು ಬರುತ್ತಿದ್ದಳು. ಗುತ್ತಿಗೆಯವರಿಗೆ ತಿಂಗಳಲ್ಲಿ ಮೂರು ಸಲ ತಡವಾದರೆ ಹೆಸರು ಹೊಡೆದುಹಾಕುವ ನಿಯಮ. ಮಗುವಿಗೆ ಜ್ವರ ಬಂದು ಅವಳದು ಆಗಲೇ ಎರಡಾಗಿತ್ತು. ಇನ್ನೊಂದಾದರೆ ಮುಗಿಯಿತು ಎಂದು ಅವಳೇ ಹೇಳಿದ್ದಳು.

ಸೋಮವಾರ ಬೆಳಿಗ್ಗೆ ಏಳರ ಪಾಳಿಗೆ ಗೇಟಿನಲ್ಲಿ ಸಾಲು ನಿಂತುಬಿಟ್ಟಿತು. ಕಾರ್ಡು ತೋರಿಸಿದರೂ ದೀಪ ಹತ್ತುತ್ತಿಲ್ಲ. ಹತ್ತಿದ ಮೇಲೇ ಹಾಜರಿ, ಆ ಹೊತ್ತೇ ಬಂದ ಹೊತ್ತೆಂದು ಲೆಕ್ಕ. ಎಷ್ಟೋ ಜನರ ಹೆಸರಿನ ಮುಂದೆ ತಡ ಎಂದು ಬಿತ್ತು. ಸಾಹೇಬರ ಮೇಲಿನ ಮ್ಯಾನೇಜರು ನನ್ನ ವರದಿಯನ್ನೇ ಎತ್ತಿ ತೋರಿಸಿದರು. ಮಷಿನ್ ಇಷ್ಟು ಚುರುಕಾಗಿದೆ ಎಂದು ಬರೆದಿರುವಾಗ ತಡವಾಗಿ ಬಂದವರು ಜನರೇ ಎಂದರು. ನಾನು ಹೂಂಗುಟ್ಟಿದೆ.

ಮಂಗಳವಾರ ಕ್ಯಾಂಟೀನಿನಲ್ಲಿ ಅವಳು ನನ್ನನ್ನು ತಡೆದು ನಿಲ್ಲಿಸಿದಳು. ಸೋಮವಾರ ಅವಳಿಗೂ ತಡ ಬಿದ್ದಿತ್ತು.

"ಅಕ್ಕಾರ, ಏಳಾಗಾಕ ಹತ್ತ ಮಿನಿಟ ಇದ್ದಾಗ ನಾ ಸಾಲಿನ್ಯಾಗ ನಿಂತಿದ್ನಿರಿ. ನಿಮ್ಮ ದೀಪಾ ಹತ್ತಲಿಲ್ರಿ," ಎಂದಳು.

ನೋಡುತ್ತೇನೆ ಎಂದೆ. ನೋಡಿದ್ದೇನು, ತಂತಿ ಬದಲಾಯಿಸಿದೆ, ಎಲೆಕ್ಟ್ರಿಷಿಯನ್ ಮೇಲೆ ಹರಿಹಾಯ್ದೆ. ಬುಧವಾರ ಬೆಳಿಗ್ಗೆ ಮಷಿನ್ ಎದುರಿಗೇ ಕೂತೆ. ಆರೂಮುಕ್ಕಾಲಿಗೆ ಸರಿಯಾಗಿ ರಾತ್ರಿ ಪಾಳಿಯ ಉತ್ಪಾದನೆಯ ವರದಿ ತಯಾರಾಗತೊಡಗಿತು. ಆ ಒಂದೇ ಪ್ರೊಸೆಸರ್ ಅದರಲ್ಲೇ ಮುಳುಗಿತು. ಗೇಟಿನ ಕಾರ್ಡುಗಳೆಲ್ಲ ಬಾಗಿಲಲ್ಲೇ ಬಾಕಿ. ಸರ್ವರ್ ಆಗಿದ್ದರೆ ಒಂದು ಪ್ರೊಸೆಸರ್ ವರದಿಗೆ, ಇನ್ನೊಂದು ಗೇಟಿಗೆ. ಗುರುವಾರ ಪಾಳಿಯೂ ಇರಲಿಲ್ಲ, ವರದಿಯೂ ಇರಲಿಲ್ಲ. ನಾನು ಅಳೆದದ್ದು ಖಾಲಿ ಕಾರ್ಖಾನೆಯನ್ನು.

ಏಳೂಕಾಲಿಗೆ ಎಲ್ಲ ಗೊತ್ತಾಗಿತ್ತು. ಸಾಹೇಬರ ಕೋಣೆ ಹತ್ತು ಹೆಜ್ಜೆ. ನಾನು ಏಳಲಿಲ್ಲ. ನಾಳೆ ಸೂಟಿ, ಎರಡೂ ಮಷಿನ್ನಿನಲ್ಲಿ ಆ ವರದಿ ಓಡಿಸಿ, ಖಾತ್ರಿ ಮಾಡಿಕೊಂಡೇ ಹೇಳೋಣ ಎಂದುಕೊಂಡೆ. ಇಡೀ ದಿನ ಕೂತಲ್ಲಿ ಕೂರಲಾಗದೆ, ನಿಂತಲ್ಲಿ ನಿಲ್ಲಲಾಗದೆ ಒದ್ದಾಡಿದೆ. ಕ್ಯಾಂಟೀನಿಗೆ ಮಾತ್ರ ಹೋಗಲಿಲ್ಲ. ಗುರುವಾರ ಬಂದು ಅಳೆದೆ. ಹಿನ್ನೆಲೆಯಲ್ಲಿ ವರದಿ ಓಡುತ್ತಿದ್ದರೂ ಸರ್ವರ್ ಕಾರ್ಡು ತೋರಿಸಿದ ಕೂಡಲೇ ದೀಪ ಹತ್ತಿಸಿತು, ಡೆಸ್ಕ್‌ಟಾಪ್ ಗರಬಡಿದಂತೆ ಕೂತಿತು.

ಶುಕ್ರವಾರ ಸಾಹೇಬರಿಗೆ ಎಲ್ಲವನ್ನೂ ಹೇಳಿದೆ, ಯಾವಾಗ ಗೊತ್ತಾಯಿತು ಎನ್ನುವುದನ್ನೂ. ಅವರು ಬಯ್ಯಲಿಲ್ಲ.

"ಬುಧವಾರ ತಿಳಿದದ್ದು ಬುಧವಾರನ ಹೇಳೂದಿತ್ತು, ತಂಗಿ," ಎಂದರು.

ಮಧ್ಯಾಹ್ನದೊಳಗೆ ಸರ್ವರ್ ಮೂಲೆಯಿಂದ ಬಂತು, ಆ ವಾರದ ತಡಗಳೆಲ್ಲ ರದ್ದಾದವು. ಆದರೆ ಗುತ್ತಿಗೆದಾರನ ವಾರ ಮುಗಿಯುವುದು ಬುಧವಾರ ಸಂಜೆ. ಅಂದೇ ಅವನು ಅವಳ ಹೆಸರು ಹೊಡೆದು ಕಾರ್ಡು ವಾಪಸು ಪಡೆದಿದ್ದ. ಅವಳಿದ್ದ ಖೋಲಿ ಹುಡುಕಿಕೊಂಡು ಹೋದೆ. ಬೀಗ ಹಾಕಿತ್ತು. ಸಾಸವಡದ ಕಡೆ ಎಲ್ಲೋ ಕಟ್ಟಡದ ಕೆಲಸಕ್ಕೆ ಹೋದರು ಎಂದರು ಪಕ್ಕದವರು, ಎಲ್ಲಿ ಎಂದು ಅವರಿಗೂ ಗೊತ್ತಿರಲಿಲ್ಲ. ಆಮೇಲೆ ಎರಡು ಗುರುವಾರ ಸಾಸವಡದಲ್ಲಿ ಕಟ್ಟಡದಿಂದ ಕಟ್ಟಡಕ್ಕೆ ಅಲೆದೆ, ಸಿಗಲಿಲ್ಲ.

ಖಾತ್ರಿ ಮಾಡಿಕೊಳ್ಳಲು ಕಾದೆ ಎನ್ನುವುದು ಸುಳ್ಳು. ಆ ವರದಿಯ ಕೆಳಗೆ ನನ್ನ ಸಹಿ ಇತ್ತು. ಸಿಗ್ನಲ್ಲಿನಲ್ಲಿ ಒಂದು ನಿಮಿಷ ಕಾಯಲಾರದ ನಾನು, ನನ್ನ ತಪ್ಪು ಒಪ್ಪಿಕೊಳ್ಳಲು ಮಾತ್ರ ಎರಡು ದಿನ ಕಾದಿದ್ದೆ.